ಕ್ಲೌಡ್ ಸಂಗ್ರಹ: ರೈತರ ದಾಖಲೆಗಳಿಗೆ ಒಂದು ದೂರದ ಕಣಜ

ಬೇಸಾಯಕ್ಕೆ ಬೀಜ, ನೀರು, ಗೊಬ್ಬರಗಳು ಎಷ್ಟು ಮುಖ್ಯವೋ ದಾಖಲೆಯೂ ಅಷ್ಟೇ ಮುಖ್ಯ. ಪಹಣಿ, ಕ್ರಯಪತ್ರ, ಸಾಲದ ಕಾಗದ, ಬೆಳೆ ವಿಮೆಯ ರಸೀದಿ, ಕಬ್ಬಿನ ತೂಕದ ಚೀಟಿ, ಮಣ್ಣು ಪರೀಕ್ಷೆಯ ಫಲಿತಾಂಶ ಇವೆಲ್ಲವೂ ರೈತನ ಆಸ್ತಿಯೇ ಆಗಿವೆ. ಇವನ್ನು ಹಿಂದೆ ಟ್ರಂಕಿನಲ್ಲಿ ಅಥವಾ ದೇವರ ಮನೆಯ ಗೂಡಿನಲ್ಲಿ ಇಡುತ್ತಿದ್ದೆವು. ಈಗ ಬಹುಮಂದಿ ಮೊಬೈಲಿನಲ್ಲಿ ಫೋಟೋ ತೆಗೆದು ಇಟ್ಟುಕೊಳ್ಳುತ್ತಾರೆ. ಆದರೆ ಕಾಗದಕ್ಕೆ ಗೆದ್ದಲು ಮತ್ತು ನೀರಿನ ಭಯವಿದ್ದರೆ, ಮೊಬೈಲಿಗೆ ಕಳುವಿನ ಮತ್ತು ಕೆಡುವ ಭಯವಿದೆ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ನಂಜನಗೂಡಿನ ತಗ್ಗಿನ ಬಡಾವಣೆಗಳಿಗೂ ನದಿಯಂಚಿನ ಊರುಗಳಿಗೂ ನೀರು ನುಗ್ಗಿದ್ದನ್ನು ಈ ಭಾಗದವರು ಮರೆತಿಲ್ಲ. ಕಪಿಲೆಯು ಕಾವೇರಿಯನ್ನು ಕೂಡುವ ತಿ. ನರಸೀಪುರ ತಾಲ್ಲೂಕಿನ ರೈತರಿಗೂ ನೆರೆಯ ಭಯ ಹೊಸದಲ್ಲ. ಮನೆಗೆ ನೀರು ಬಂದಾಗ ಮೊದಲು ಮಕ್ಕಳನ್ನೂ ದನಕರುಗಳನ್ನೂ ಕಾಯುತ್ತೇವೆ. ಕಾಗದ ಪತ್ರಗಳ ನೆನಪಾಗುವುದು ಆಮೇಲೆ.

ಇಂತಹ ಸಂದರ್ಭಗಳಿಗೆ ಒಂದು ಪರಿಹಾರವೆಂದರೆ ದಾಖಲೆಗಳ ಪ್ರತಿಯನ್ನು ಮನೆಯಿಂದ ದೂರದಲ್ಲಿ, ನೀರು ಬೆಂಕಿಗಳು ಒಟ್ಟಿಗೆ ತಾಗದಂತಹ ಸ್ಥಳದಲ್ಲಿ ಇಡುವುದು. ಇದಕ್ಕೆ ಈಗ ‘ಕ್ಲೌಡ್’ ಎಂಬ ವ್ಯವಸ್ಥೆ ಬಳಕೆಯಲ್ಲಿದೆ. ಇದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ನಂಬಬಹುದು, ಎಲ್ಲಿ ನಂಬಬಾರದು, ರೈತನು ಸ್ವತಃ ಮಾಡಬೇಕಾದುದೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ದಾಖಲೆ ಎಷ್ಟು ಕಾಲ ಬಾಳಬೇಕು?

ಹೊಲದ ದಾಖಲೆಯ ಬೆಲೆ ವರ್ಷಗಳು ಕಳೆದಂತೆ ಹೆಚ್ಚುತ್ತದೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಂಜನಗೂಡಿನ ರಸಬಾಳೆಯನ್ನೇ ತೆಗೆದುಕೊಳ್ಳಿ. ಪನಾಮ ಸೊರಗು ರೋಗ ಈ ತಳಿಗೆ ದೊಡ್ಡ ಪೆಟ್ಟು ಕೊಟ್ಟಿತು. ಈ ರೋಗವನ್ನುಂಟುಮಾಡುವ ಶಿಲೀಂಧ್ರವು ಬಾಳೆಯ ಗಿಡ ಹೋದ ಮೇಲೂ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯಬಲ್ಲದು. ಆದುದರಿಂದ ಯಾವ ತಾಕಿನಲ್ಲಿ ಯಾವ ವರ್ಷ ಸೊರಗು ಕಾಣಿಸಿತು, ಕಂದುಗಳನ್ನು ಎಲ್ಲಿಂದ ತಂದಿದ್ದು ಎಂಬ ಬರಹ ತಂದೆಯ ಕಾಲದ್ದಾದರೂ ಮಗನಿಗೆ ಬೇಕಾಗುತ್ತದೆ. ಆ ಬರಹವಿಲ್ಲದಿದ್ದರೆ ರೋಗವಿರುವ ತಾಕಿನಲ್ಲೇ ಮತ್ತೆ ರಸಬಾಳೆ ನೆಟ್ಟು ನಷ್ಟ ಅನುಭವಿಸಬೇಕಾಗಬಹುದು.

ಕಾಲುವೆ ನೀರಿನ ಗದ್ದೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ನೀರು ಬಸಿಯದ ತಗ್ಗಿನ ತಾಕುಗಳಲ್ಲಿ ಲವಣಾಂಶ ನಿಧಾನವಾಗಿ ಏರುತ್ತದೆ. ಇದನ್ನು ಒಂದು ಸಲದ ಮಣ್ಣು ಪರೀಕ್ಷೆಯಿಂದ ಅಳೆದು ಹೇಳಲಾಗದು. ಹಿಂದಿನ ಎರಡು ಮೂರು ಪರೀಕ್ಷೆಗಳೊಡನೆ ಹೋಲಿಸಿದಾಗ ಮಾತ್ರ ಮಣ್ಣು ಚೌಳಾಗುತ್ತಿದೆಯೋ ಇಲ್ಲವೋ ತಿಳಿಯುತ್ತದೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡಿನ ಯೋಜನೆಯಲ್ಲಿ ಹನ್ನೆರಡು ಅಂಶಗಳನ್ನು ಪರೀಕ್ಷಿಸಿ ಕೊಡಲಾಗುತ್ತದೆ. ಹೊಸ ಕಾರ್ಡು ಬಂದೊಡನೆ ಹಳೆಯದನ್ನು ಎಸೆಯುವವರು ಅರ್ಧ ಲಾಭವನ್ನೇ ಎಸೆದಂತಾಗುತ್ತದೆ.

ಒಂದು ಮೊಬೈಲ್ ಸಾಮಾನ್ಯವಾಗಿ ನಾಲ್ಕೈದು ವರ್ಷ ಬಾಳುತ್ತದೆ. ಹೊಲದ ದಾಖಲೆ ಮೂವತ್ತು ನಲವತ್ತು ವರ್ಷ ಬಾಳಬೇಕು. ಈ ಅಂತರವನ್ನು ತುಂಬುವ ಕೆಲಸವೇ ಇಲ್ಲಿನ ಮುಖ್ಯ ಪ್ರಶ್ನೆ.

ಕ್ಲೌಡ್ ಎಂದರೇನು?

ಕ್ಲೌಡ್ ಎಂದರೆ ಮೋಡ. ಹೆಸರು ಮೋಡವಾದರೂ ಆಕಾಶದಲ್ಲಿ ಏನೂ ಇಲ್ಲ. ನಮ್ಮ ಫೋಟೋ ಮತ್ತು ಕಾಗದಗಳು ಹೋಗಿ ಸೇರುವುದು ಭೂಮಿಯ ಮೇಲಿರುವ ಗಟ್ಟಿಮುಟ್ಟಾದ ಕಟ್ಟಡಗಳಿಗೆ. ಇವನ್ನು ದತ್ತಾಂಶ ಕೇಂದ್ರಗಳೆಂದು ಕರೆಯುತ್ತಾರೆ. ಒಳಗೆ ಸಾಲು ಸಾಲಾಗಿ ಕಂಪ್ಯೂಟರುಗಳೂ ಅವುಗಳಲ್ಲಿ ಮಾಹಿತಿಯನ್ನು ಹಿಡಿದಿಡುವ ಡಿಸ್ಕುಗಳೂ ಇರುತ್ತವೆ. ಇಂತಹ ಕಂಪ್ಯೂಟರನ್ನು ಸರ್ವರ್ ಎನ್ನುತ್ತಾರೆ. ಇವು ಬಿಸಿಯಾಗದಂತೆ ಹಗಲಿರುಳು ತಂಪು ಮಾಡಬೇಕು; ಕರೆಂಟು ಹೋದರೆ ಬ್ಯಾಟರಿ, ಅದು ಮುಗಿಯುವುದರೊಳಗೆ ಜನರೇಟರ್ ಸಿದ್ಧವಿರಬೇಕು. ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್ ಮುಂತಾದ ಸಂಸ್ಥೆಗಳ ಕೇಂದ್ರಗಳು ನಮ್ಮ ದೇಶದಲ್ಲೂ ಇವೆ. ಅಮೆಜಾನ್ ಸಂಸ್ಥೆಯು 2016ರಲ್ಲಿ ಮುಂಬಯಿಯಲ್ಲಿಯೂ 2022ರಲ್ಲಿ ಹೈದರಾಬಾದಿನಲ್ಲಿಯೂ ಕೇಂದ್ರಗಳನ್ನು ತೆರೆಯಿತು.

ರೈತರಿಗೆ ತಿಳಿಯುವಂತೆ ಹೇಳುವುದಾದರೆ, ಮೊಬೈಲಿನಲ್ಲಿ ಇಡುವುದು ಮನೆಯ ವಾಡೆಯಲ್ಲಿ ರಾಗಿ ಇಟ್ಟಂತೆ. ಕ್ಲೌಡಿನಲ್ಲಿ ಇಡುವುದು ದೂರದ ಉಗ್ರಾಣದಲ್ಲಿ ಬಾಡಿಗೆಗೆ ಜಾಗ ಹಿಡಿದು ಮೂಟೆ ಇಟ್ಟಂತೆ. ಉಗ್ರಾಣದ ಗೋಡೆ, ಕಾವಲು, ಇಲಿಯ ಕಾಟ ಇವು ಉಗ್ರಾಣದವರ ಜವಾಬ್ದಾರಿ. ಮೂಟೆಯಲ್ಲಿ ಏನು ತುಂಬಬೇಕು, ಬೀಗದ ಕೈ ಯಾರ ಬಳಿ ಇರಬೇಕು ಎಂಬುದು ನಮ್ಮ ಜವಾಬ್ದಾರಿ. ಈ ಎರಡು ಜವಾಬ್ದಾರಿಗಳನ್ನು ಬೇರೆ ಬೇರೆಯಾಗಿ ಅರಿತವನಿಗೆ ಕ್ಲೌಡಿನಿಂದ ಪ್ರಯೋಜನವಿದೆ.

ಪಹಣಿ ನಡೆದುಬಂದ ದಾರಿ

ಇದು ಪೇಟೆಯವರ ವಿಷಯವೆಂದು ಭಾವಿಸಬೇಕಾಗಿಲ್ಲ. ಕರ್ನಾಟಕದ ಪ್ರತಿಯೊಬ್ಬ ರೈತನ ಪಹಣಿಯೂ ಈಗಾಗಲೇ ಈ ದಾರಿಯಲ್ಲಿ ನಡೆದಿದೆ. ಹಿಂದೆ ಶಾನುಭೋಗರ, ಆಮೇಲೆ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿ ಪಹಣಿ ಇರುತ್ತಿತ್ತು. ಒಂದೇ ಪುಸ್ತಕ, ಒಂದೇ ಪ್ರತಿ. ಅದು ಹರಿದರೆ ಅಥವಾ ಯಾರಾದರೂ ತಿದ್ದಿದರೆ ಹೋಲಿಸಿ ನೋಡಲು ಇನ್ನೊಂದು ಇರುತ್ತಿರಲಿಲ್ಲ. 2000ನೇ ಇಸವಿಯ ಸುಮಾರಿಗೆ ‘ಭೂಮಿ’ ಯೋಜನೆ ಬಂದಿತು. ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ಮೊದಲು ಈ ಮಾಹಿತಿಯು ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲೇ ಇತ್ತು. ನಂಜನಗೂಡಿನವರು ನಂಜನಗೂಡಿಗೂ ತಿ. ನರಸೀಪುರದವರು ತಿ. ನರಸೀಪುರಕ್ಕೂ ಹೋಗಿ ಪಹಣಿ ಪಡೆಯಬೇಕಾಗಿತ್ತು. ಮುಂದೆ ಎಲ್ಲ ತಾಲ್ಲೂಕುಗಳ ಮಾಹಿತಿಯನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿಸಲಾಯಿತು. ಇಂದು ಹೊಲದ ಬದುವಿನ ಮೇಲೆ ಕುಳಿತೇ ಮೊಬೈಲಿನಲ್ಲಿ ಪಹಣಿ ನೋಡಬಹುದಾಗಿರುವುದು ಇದರಿಂದಲೇ.

ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿರುವ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿ ಉಳಿಸುವ ‘ಭೂ ಸುರಕ್ಷಾ’ ಯೋಜನೆಯೂ 2024ರಲ್ಲಿ ಆರಂಭವಾಗಿದೆ. ಬೆಳೆ ಸಮೀಕ್ಷೆಯಲ್ಲಿ ರೈತರು ತೆಗೆಯುವ ಬೆಳೆಯ ಫೋಟೋ, ‘ಫ್ರೂಟ್ಸ್’ ನೋಂದಣಿಯ ಸಂಖ್ಯೆಗೆ ಸೇರಿದ ವಿವರ ಇವೆಲ್ಲವೂ ಇದೇ ರೀತಿ ದೂರದ ಸರ್ವರುಗಳಲ್ಲಿ ಸಂಗ್ರಹವಾಗುತ್ತವೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಸರ್ಕಾರದ ದಾಖಲೆಯನ್ನು ಸರ್ಕಾರ ಕಾಯುತ್ತದೆ. ಆದರೆ ನೀವು ಬರೆದಿಟ್ಟ ಗೊಬ್ಬರದ ಲೆಕ್ಕ, ಇಳುವರಿಯ ಲೆಕ್ಕ, ಕಬ್ಬಿನ ತೂಕದ ಚೀಟಿ, ಕೈಸಾಲದ ಪತ್ರ, ಹಾಳಾದ ಬೆಳೆಯ ಫೋಟೋ ಇವುಗಳಿಗೆ ಯಾವ ಕಚೇರಿಯೂ ಹೊಣೆಯಲ್ಲ. ಅವನ್ನು ಕಾಯುವ ಕೆಲಸ ನಿಮ್ಮದೇ.

ಒಂದು ಫೋಟೋ ಕಣಜ ಸೇರುವ ಬಗೆ

ನೀವು ಮಣ್ಣು ಆರೋಗ್ಯ ಕಾರ್ಡಿನ ಫೋಟೋ ತೆಗೆದಿರೆಂದು ಭಾವಿಸಿ. ಮೊಬೈಲು ಅದನ್ನು ಸಣ್ಣ ಸಣ್ಣ ತುಣುಕುಗಳನ್ನಾಗಿ ಮಾಡಿ, ದಾರಿಯಲ್ಲಿ ಯಾರೂ ಓದಲಾಗದಂತೆ ಗೂಢಲಿಪಿಗೆ ತಿರುಗಿಸಿ, ಹತ್ತಿರದ ಟವರಿಗೆ ಕಳುಹಿಸುತ್ತದೆ. ಅಲ್ಲಿಂದ ನೆಲದಡಿಯ ಗಾಜಿನ ಎಳೆಯ ತಂತಿಗಳ ಮೂಲಕ ತುಣುಕುಗಳು ದತ್ತಾಂಶ ಕೇಂದ್ರವನ್ನು ಮುಟ್ಟುತ್ತವೆ. ಅಲ್ಲಿ ಅವನ್ನು ಮತ್ತೆ ಜೋಡಿಸಿ, ಇಂತಹ ಖಾತೆದಾರನ ಇಂತಹ ಫೋಟೋ ಇಂತಿಂತಹ ಡಿಸ್ಕಿನಲ್ಲಿದೆ ಎಂದು ಒಂದು ಸೂಚಿಯಲ್ಲಿ ಬರೆದಿಡಲಾಗುತ್ತದೆ. ನೀವು ಕೇಳಿದಾಗ ಈ ಸೂಚಿಯನ್ನು ನೋಡಿ ಕ್ಷಣದಲ್ಲಿ ಹಿಂದಿರುಗಿಸುತ್ತಾರೆ.

ಡಿಸ್ಕು ಎಂಬುದು ಯಂತ್ರ. ಒಂದಲ್ಲ ಒಂದು ದಿನ ಅದು ಕೆಡುವುದು ಖಂಡಿತ. ದೊಡ್ಡ ಕೇಂದ್ರಗಳಲ್ಲಿ ಡಿಸ್ಕುಗಳು ಕೆಡುತ್ತಲೇ ಇರುತ್ತವೆ. ಆದರೂ ಮಾಹಿತಿ ಹೋಗದಿರಲು ಎರಡು ಉಪಾಯಗಳಿವೆ.

ಮೊದಲನೆಯದು, ಒಂದೇ ಕಡತದ ಹಲವು ಪ್ರತಿಗಳನ್ನು ಬೇರೆ ಬೇರೆ ಡಿಸ್ಕುಗಳಲ್ಲಿ, ಸಾಧ್ಯವಾದರೆ ಬೇರೆ ಬೇರೆ ಕಟ್ಟಡಗಳಲ್ಲಿ ಇಡುವುದು. ಬಿತ್ತನೆ ಬೀಜವನ್ನು ಜಾಣ ರೈತ ಒಂದೇ ಮಡಕೆಯಲ್ಲಿ ಇಡುವುದಿಲ್ಲವಷ್ಟೆ. ಸ್ವಲ್ಪವನ್ನು ನೆಂಟರ ಮನೆಯಲ್ಲೂ ಇಟ್ಟಿರುತ್ತಾನೆ.

ಎರಡನೆಯದು ಇನ್ನೂ ಸ್ವಾರಸ್ಯವಾದದ್ದು. ಮೂರು ಭತ್ತದ ಚೀಲಗಳ ತೂಕ 48, 52 ಮತ್ತು 50 ಕಿಲೋ ಎಂದಿಟ್ಟುಕೊಳ್ಳಿ. ಮೊತ್ತವಾದ 150ನ್ನೂ ನಾಲ್ಕನೆಯ ಚೀಟಿಯಲ್ಲಿ ಬರೆದು, ನಾಲ್ಕು ಚೀಟಿಗಳನ್ನು ನಾಲ್ಕು ಮನೆಗಳಲ್ಲಿ ಇಡಿ. 52 ಎಂದು ಬರೆದ ಚೀಟಿ ಕಳೆದುಹೋಯಿತೆನ್ನಿ. ಉಳಿದ 48 ಮತ್ತು 50ನ್ನು ಕೂಡಿಸಿ 150ರಲ್ಲಿ ಕಳೆದರೆ 52 ಮತ್ತೆ ಸಿಕ್ಕಿತು. ಎಲ್ಲ ಚೀಟಿಗಳಿಗೂ ಎರಡೆರಡು ನಕಲು ಮಾಡದೆ, ಒಂದೇ ಒಂದು ಹೆಚ್ಚಿನ ಚೀಟಿಯಿಂದ ಯಾವ ಒಂದು ಚೀಟಿ ಕಳೆದರೂ ಲೆಕ್ಕ ಉಳಿಯಿತು. ಸರ್ವರುಗಳಲ್ಲಿಯೂ ಇದೇ ತತ್ವದ ಮೇಲೆ, ಆದರೆ ಇದಕ್ಕಿಂತ ಜಟಿಲವಾದ ಗಣಿತದಿಂದ, ಎರಡು ಮೂರು ತುಣುಕುಗಳು ಒಟ್ಟಿಗೆ ಹಾಳಾದರೂ ಮೂಲ ಕಡತವನ್ನು ಮತ್ತೆ ರಚಿಸುತ್ತಾರೆ.

ಇದಲ್ಲದೆ ಪ್ರತಿ ತುಣುಕಿಗೂ ಒಂದು ಗುರುತಿನ ಸಂಖ್ಯೆಯನ್ನು ಲೆಕ್ಕ ಹಾಕಿ ಇಟ್ಟಿರುತ್ತಾರೆ. ಉಗ್ರಾಣಕ್ಕೆ ಹಾಕುವಾಗ ಮೂಟೆಯ ತೂಕ ಬರೆದು, ಆಗಾಗ ಮತ್ತೆ ತೂಗಿ ನೋಡುವಂತೆ ಇದು. ಸಂಖ್ಯೆ ಹೊಂದದಿದ್ದರೆ ಆ ತುಣುಕು ಕೆಟ್ಟಿದೆ ಎಂದು ತಿಳಿದು, ಬೇರೆ ಪ್ರತಿಯಿಂದ ಯಂತ್ರವೇ ಸರಿಪಡಿಸುತ್ತದೆ.

‘ಸರ್ವರ್ ಇಲ್ಲ’ ಎಂಬ ಮಾತನ್ನು ಕಚೇರಿಗಳಲ್ಲಿ ಕೇಳಿ ಬೇಸತ್ತವರು, ಇಂತಹ ವ್ಯವಸ್ಥೆಯನ್ನು ನಂಬುವುದು ಹೇಗೆ ಎಂದು ಕೇಳಬಹುದು. ಉಗ್ರಾಣದ ದಾರಿಯಲ್ಲಿ ಗಾಡಿ ಸಿಕ್ಕಿಹಾಕಿಕೊಳ್ಳುವುದು ಅಥವಾ ಬಾಗಿಲು ತೆರೆಯದಿರುವುದು ಬೇರೆ, ಉಗ್ರಾಣದ ಒಳಗಿನ ಧಾನ್ಯ ಹಾಳಾಗುವುದು ಬೇರೆ. ಮೊದಲನೆಯದು ಆ ದಿನದ ತೊಂದರೆ. ಎರಡನೆಯದು ಶಾಶ್ವತ ನಷ್ಟ. ಆದರೂ ಮೊದಲನೆಯ ತೊಂದರೆಯಿಂದ ಕೆಲಸ ಕೆಡುವುದುಂಟು. ಆದುದರಿಂದ ಬ್ಯಾಂಕಿಗೋ ಕಚೇರಿಗೋ ಹೋಗುವ ದಿನ ಬೇಕಾದ ಕಾಗದದ ಪ್ರತಿಯನ್ನು ಹಿಂದಿನ ದಿನವೇ ಮೊಬೈಲಿಗೆ ಇಳಿಸಿಕೊಂಡು ಅಥವಾ ಮುದ್ರಿಸಿಕೊಂಡು ಹೋಗುವುದು ಒಳ್ಳೆಯದು.

ದೂರದ ಕಣಜಕ್ಕೂ ಬೆಂಕಿಯ ಭಯವುಂಟು

ಉಗ್ರಾಣದವರು ಎಷ್ಟೇ ಎಚ್ಚರ ವಹಿಸಿದರೂ ಒಂದೇ ಕಡೆ ಇಟ್ಟದ್ದಕ್ಕೆ ಅಪಾಯ ತಪ್ಪಿದ್ದಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸ್ ದೇಶದ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಎಂಬ ಸಂಸ್ಥೆಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ಸುಟ್ಟಿತು. ಬೇರೆ ಊರಿನಲ್ಲಿ ಪ್ರತಿ ಇಟ್ಟಿದ್ದ ಗ್ರಾಹಕರು ಚೇತರಿಸಿಕೊಂಡರು. ಅಲ್ಲೇ ಎಲ್ಲವನ್ನೂ ಇಟ್ಟಿದ್ದ ಹಲವರ ಮಾಹಿತಿ ಮತ್ತೆ ಸಿಗಲಿಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಸರ್ಕಾರದ ದತ್ತಾಂಶ ಕೇಂದ್ರಕ್ಕೆ ಬೆಂಕಿ ಹತ್ತಿತು. ಸರ್ಕಾರಿ ನೌಕರರು ಬಳಸುತ್ತಿದ್ದ ಒಂದು ಕ್ಲೌಡ್ ಸಂಗ್ರಹದ 858 ಟೆರಾಬೈಟ್ ಮಾಹಿತಿಗೆ ಹೊರಗೆಲ್ಲೂ ಪ್ರತಿ ಇರಲಿಲ್ಲ, ಅದು ಸುಟ್ಟುಹೋಯಿತು. ಒಂದು ಟೆರಾಬೈಟ್ ಎಂದರೆ ಸುಮಾರು ಸಾವಿರ ಜಿ.ಬಿ. ತಾಂತ್ರಿಕವಾಗಿ ಬಹಳ ಮುಂದುವರಿದ ದೇಶದಲ್ಲೇ ಹೀಗಾಗಿರುವುದರಿಂದ, ‘ಕ್ಲೌಡಿಗೆ ಹಾಕಿದ್ದೇನೆ, ಇನ್ನು ಚಿಂತೆಯಿಲ್ಲ’ ಎನ್ನುವುದು ತಪ್ಪು.

ಇದಕ್ಕಾಗಿಯೇ ತಜ್ಞರು ಮೂರು–ಎರಡು–ಒಂದು ಎಂಬ ಸರಳ ಸೂತ್ರವನ್ನು ಹೇಳುತ್ತಾರೆ. ಮುಖ್ಯ ದಾಖಲೆಗೆ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಅವುಗಳಲ್ಲಿ ಒಂದಾದರೂ ಮನೆಯಿಂದ ದೂರದಲ್ಲಿರಲಿ. ರೈತನಿಗೆ ಇದು ಕಷ್ಟವಲ್ಲ. ಮೂಲ ಕಾಗದ ಟ್ರಂಕಿನಲ್ಲಿ, ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಇನ್ನೊಂದು ಕ್ಲೌಡಿನಲ್ಲಿ ಇದ್ದರೆ ಸೂತ್ರ ಪೂರ್ಣವಾಯಿತು.

ಹೊಂದಾಣಿಕೆಯೇ ಬೇರೆ, ಕಾಪು ಪ್ರತಿಯೇ ಬೇರೆ

ಹೆಚ್ಚಿನ ನಷ್ಟಕ್ಕೆ ಕಾರಣವಾಗುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಹೇಳಬೇಕು. ಮೊಬೈಲಿನಲ್ಲಿರುವ ಫೋಟೋ ಕ್ಲೌಡಿಗೂ ಹೋಗಿದೆ ಎಂದ ಮೇಲೆ ಮೊಬೈಲಿನದನ್ನು ಅಳಿಸಿದರೆ ತೊಂದರೆಯಿಲ್ಲ ಎಂದು ಬಹುಮಂದಿ ಭಾವಿಸುತ್ತಾರೆ. ಆದರೆ ಹಲವು ಆ್ಯಪುಗಳಲ್ಲಿ ಮೊಬೈಲು ಮತ್ತು ಕ್ಲೌಡು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಒಂದೇ ಕಾಲುವೆಗೆ ಸೇರಿದ ಎರಡು ತೊಟ್ಟಿಗಳಂತೆ, ಇಲ್ಲಿ ಖಾಲಿ ಮಾಡಿದರೆ ಅಲ್ಲಿಯೂ ಖಾಲಿಯಾಗುತ್ತದೆ. ಗೂಗಲ್ ಫೋಟೋಸ್ ಆ್ಯಪಿನ ಒಳಗೆ ಅಳಿಸಿದ ಫೋಟೋ ಕ್ಲೌಡಿನಿಂದಲೂ ಹೋಗುತ್ತದೆ. ಹಾಗೆ ಹೋದದ್ದು 60 ದಿನ ಕಸದ ಬುಟ್ಟಿಯಲ್ಲಿದ್ದು, ಆಮೇಲೆ ಶಾಶ್ವತವಾಗಿ ಅಳಿಯುತ್ತದೆ. ಗೂಗಲ್ ಡ್ರೈವಿನಲ್ಲಿ ಈ ಅವಧಿ 30 ದಿನ ಮಾತ್ರ. ಜಾಗ ಸಾಲದೆ ಬಂದರೆ ಮೊಬೈಲಿನ ಜಾಗವನ್ನಷ್ಟೇ ತೆರವು ಮಾಡುವ ಆಯ್ಕೆಯೇ ಬೇರೆ ಇದೆ, ಅದನ್ನು ಬಳಸಬೇಕು.

ಇನ್ನೊಂದು ಅಂಶ. ಫೋಟೋಗಳನ್ನು ತಾನಾಗಿ ಕ್ಲೌಡಿಗೆ ಏರಿಸುವ ಏರ್ಪಾಡು ಸಾಮಾನ್ಯವಾಗಿ ವೈ-ಫೈ ಸಿಕ್ಕಾಗ ಮಾತ್ರ ನಡೆಯುವಂತೆ ಇರುತ್ತದೆ. ಹಳ್ಳಿಯ ಬಹುತೇಕ ಮನೆಗಳಲ್ಲಿ ವೈ-ಫೈ ಇಲ್ಲ. ಹೀಗಾಗಿ ಏರುತ್ತಿದೆ ಎಂದುಕೊಂಡಿದ್ದ ಫೋಟೋಗಳು ವರ್ಷಗಟ್ಟಲೆ ಮೊಬೈಲಿನಲ್ಲೇ ಉಳಿದು, ಮೊಬೈಲು ಹೋದ ದಿನ ಅವೂ ಹೋಗುತ್ತವೆ. ಆ್ಯಪಿನ ಸೆಟ್ಟಿಂಗಿನಲ್ಲಿ ಮೊಬೈಲ್ ಡೇಟಾ ಬಳಸಲು ಅನುಮತಿ ಕೊಡಬೇಕು. ಇಲ್ಲವೇ ತಿಂಗಳಿಗೊಮ್ಮೆ ವೈ-ಫೈ ಇರುವಲ್ಲಿ ಏರಿಸಬೇಕು.

ಬೀಗದ ಕೈ ಯಾರಲ್ಲಿದೆ?

ಕ್ಲೌಡಿನ ಬೀಗಕ್ಕೆ ಎರಡು ಕೈಗಳು: ಪಾಸ್‌ವರ್ಡ್ ಮತ್ತು ನಿಮ್ಮ ಮೊಬೈಲ್ ಸಂಖ್ಯೆಗೆ ಬರುವ ಓಟಿಪಿ. ಸಂಸ್ಥೆಯವರ ತಪ್ಪಿನಿಂದ ಮಾಹಿತಿ ಹೋಗುವುದಕ್ಕಿಂತ, ಖಾತೆದಾರನ ಬಳಿ ಬೀಗದ ಕೈ ಇಲ್ಲದೆ ಹೋಗುವ ಸಂದರ್ಭವೇ ರೈತರಿಗೆ ಹತ್ತಿರದ ಅಪಾಯ. ಈ ಕೆಳಗಿನ ಸಂಗತಿಗಳನ್ನು ಗಮನದಲ್ಲಿಡಬೇಕು.

ರೀಚಾರ್ಜ್ ಮಾಡದೆ ಬಿಟ್ಟು ರದ್ದಾದ ಮೊಬೈಲ್ ಸಂಖ್ಯೆಯನ್ನು 90 ದಿನಗಳ ನಂತರ ಬೇರೊಬ್ಬರಿಗೆ ಕೊಡಲು ಅವಕಾಶವಿದೆ. ಆಗ ನಿಮ್ಮ ಓಟಿಪಿ ಆ ಹೊಸ ಗ್ರಾಹಕನಿಗೆ ಹೋಗುತ್ತದೆ. ಸಂಖ್ಯೆ ಬದಲಿಸುವ ಮೊದಲೇ ಕ್ಲೌಡ್ ಖಾತೆ, ಬ್ಯಾಂಕು, ಆಧಾರ್, ಫ್ರೂಟ್ಸ್ ಇವೆಲ್ಲದರಲ್ಲೂ ಹೊಸ ಸಂಖ್ಯೆಯನ್ನು ದಾಖಲಿಸಬೇಕು.

ಸೈಬರ್ ಅಂಗಡಿಯವರಿಂದಲೋ ಸೇವಾ ಕೇಂದ್ರದವರಿಂದಲೋ ಖಾತೆ ತೆರೆಸಿದಾಗ ಅವರದೇ ಮಿಂಚಂಚೆ, ಅವರಿಗೆ ನೆನಪಿರುವ ಪಾಸ್‌ವರ್ಡ್ ಹಾಕುವ ರೂಢಿಯಿದೆ. ಇದು ಬೀಗದ ಕೈಯನ್ನು ದಾರಿಹೋಕನಿಗೆ ಕೊಟ್ಟಂತೆ. ನಿಮ್ಮದೇ ಸಂಖ್ಯೆ ಮತ್ತು ಮಿಂಚಂಚೆಯನ್ನು ಹಾಕಿಸಿ, ಪಾಸ್‌ವರ್ಡನ್ನು ನೀವೇ ಒತ್ತಿ, ಕೆಲಸ ಮುಗಿದೊಡನೆ ಆ ಕಂಪ್ಯೂಟರಿನಿಂದ ಖಾತೆಯನ್ನು ಮುಚ್ಚಿಸಿ ಹೊರಡಿ. ಪಾಸ್‌ವರ್ಡನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದು ಟ್ರಂಕಿನಲ್ಲಿಡುವುದು, ಮರೆತು ಪರದಾಡುವುದಕ್ಕಿಂತ ಉತ್ತಮ.

ಎರಡು ವರ್ಷ ಬಳಸದ ವೈಯಕ್ತಿಕ ಗೂಗಲ್ ಖಾತೆಯನ್ನು ಅಳಿಸುವ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಉಗ್ರಾಣದಲ್ಲಿಟ್ಟು ತಿರುಗಿ ನೋಡದಿದ್ದರೆ ಮೂಟೆ ನಮ್ಮದಾಗಿ ಉಳಿಯದು. ಅಲ್ಲದೆ, ಖಾತೆದಾರನು ಬಹುಕಾಲ ಬಳಸದೆ ಹೋದರೆ ಮಾಹಿತಿಯನ್ನು ಯಾರಿಗೆ ತಲುಪಿಸಬೇಕೆಂದು ಮುಂಚೆಯೇ ಹೆಸರು ಸೂಚಿಸುವ ಸೌಲಭ್ಯವೂ ಗೂಗಲ್ ಖಾತೆಯಲ್ಲಿದೆ. ಜಮೀನಿಗೆ ವಾರಸುದಾರರಿರುವಂತೆ ಜಮೀನಿನ ಲೆಕ್ಕಕ್ಕೂ ವಾರಸುದಾರರಿರಲಿ.

ಯಾವ ಬ್ಯಾಂಕಾಗಲಿ, ಇಲಾಖೆಯಾಗಲಿ ಫೋನಿನಲ್ಲಿ ಓಟಿಪಿ ಕೇಳುವುದಿಲ್ಲ. ಮೋಸ ಹೋಗಿ ಹಣ ಕಳೆದುಕೊಂಡಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.

ಎಷ್ಟು ಜಾಗ ಬೇಕು?

ಗೂಗಲ್ ಖಾತೆಯಲ್ಲಿ 15 ಜಿ.ಬಿ., ಮೈಕ್ರೋಸಾಫ್ಟಿನ ಒನ್‌ಡ್ರೈವ್ ಮತ್ತು ಆ್ಯಪಲ್‌ನ ಐಕ್ಲೌಡ್ ಖಾತೆಗಳಲ್ಲಿ 5 ಜಿ.ಬಿ. ಜಾಗ ಉಚಿತವಾಗಿ ದೊರೆಯುತ್ತದೆ. ಒಂದು ಫೋಟೋ ಸುಮಾರು 3 ಎಂ.ಬಿ. ಎಂದು ಹಿಡಿದರೆ 15 ಜಿ.ಬಿ.ಯಲ್ಲಿ ಸುಮಾರು 5,000 ಫೋಟೋ ಹಿಡಿಯುತ್ತವೆ. ಒಂದು ಕುಟುಂಬದ ಜಮೀನಿನ ಕಾಗದಗಳಿಗೆ ಇದು ಧಾರಾಳವಾಗಿ ಸಾಕು. ಜಾಗ ತುಂಬುವುದು ಮದುವೆಯ ವಿಡಿಯೋ, ವಾಟ್ಸ್‌ಆ್ಯಪಿನಲ್ಲಿ ಬಂದ ಶುಭಾಶಯದ ಚಿತ್ರಗಳಿಂದ. ಈಗ ವಾಟ್ಸ್‌ಆ್ಯಪಿನ ಕಾಪು ಪ್ರತಿಯೂ ಇದೇ 15 ಜಿ.ಬಿ.ಯ ಲೆಕ್ಕಕ್ಕೆ ಸೇರುತ್ತದೆ. ಕಳೆ ಹೆಚ್ಚಾದರೆ ಬೆಳೆಗೆ ಜಾಗವಿರುವುದಿಲ್ಲ. ಜಾಗ ತುಂಬಿದರೆ ಹೊಸ ದಾಖಲೆ ಏರುವುದಿಲ್ಲ, ಮಿಂಚಂಚೆಯೂ ಬರುವುದಿಲ್ಲ. ದಾಖಲೆಗಳಿಗೆಂದೇ ಬೇರೆ ಖಾತೆಯೊಂದನ್ನು ಇಟ್ಟುಕೊಳ್ಳುವುದು ಅನುಕೂಲ.

2015ರ ಜುಲೈ 1ರಂದು ಆರಂಭವಾದ ಕೇಂದ್ರ ಸರ್ಕಾರದ ಡಿಜಿಲಾಕರ್ ಬೇರೆ ಬಗೆಯದು. ಚಾಲನಾ ಪರವಾನಗಿ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಂತಹ ದಾಖಲೆಗಳನ್ನು ಅದು ಕೊಟ್ಟ ಇಲಾಖೆಯಿಂದಲೇ ನೇರವಾಗಿ ತಂದು ತೋರಿಸುತ್ತದೆ. ಇವಕ್ಕೆ ಮೂಲ ಪತ್ರದಷ್ಟೇ ಮಾನ್ಯತೆಯಿದೆ. ಆದರೆ ನೀವೇ ಫೋಟೋ ತೆಗೆದು ಏರಿಸಿದ ಕಾಗದಕ್ಕೆ ಆ ಮಾನ್ಯತೆ ಇಲ್ಲ. ಕ್ರಯಪತ್ರದ ಫೋಟೋ ಕ್ರಯಪತ್ರವಾಗದು. ಮೂಲ ಕಳೆದಾಗ ನೋಂದಣಿ ಸಂಖ್ಯೆ ಮತ್ತು ದಿನಾಂಕವನ್ನು ತಿಳಿದು ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲು ಪಡೆಯಲು ಆ ಫೋಟೋ ನೆರವಾಗುತ್ತದೆ. ಅದರ ಬೆಲೆ ಅಷ್ಟು.

ಸಂಘ ಮತ್ತು ಅಂಗಡಿಗಳಿಗೆ

ಹಾಲು ಉತ್ಪಾದಕರ ಸಂಘ, ಪತ್ತಿನ ಸಂಘ, ರೈತ ಉತ್ಪಾದಕ ಕಂಪನಿ, ಗೊಬ್ಬರದ ಅಂಗಡಿ, ಅಕ್ಕಿ ಗಿರಣಿಗಳಲ್ಲಿ ಲೆಕ್ಕವೆಲ್ಲ ಈಗ ಕಂಪ್ಯೂಟರಿನಲ್ಲಿದೆ. ಬಹಳ ಕಡೆ ಅದು ಒಂದೇ ಕಂಪ್ಯೂಟರಿನಲ್ಲಿ, ಒಂದೇ ಪ್ರತಿಯಾಗಿ ಇರುತ್ತದೆ. ಅದು ಕೆಟ್ಟರೆ ನೂರಾರು ಸದಸ್ಯರ ಹಾಲಿನ ಅಥವಾ ಸಾಲದ ಲೆಕ್ಕ ನಿಲ್ಲುತ್ತದೆ. ಅಲ್ಲದೆ ಈಚಿನ ವರ್ಷಗಳಲ್ಲಿ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಕುತಂತ್ರಾಂಶಗಳ ಕಾಟವಿದೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ಇಂತಹ ದಾಳಿ ನಡೆದು, ಹಲವು ದಿನ ಕೆಲಸವನ್ನು ಕೈಬರಹದಲ್ಲಿ ನಡೆಸಬೇಕಾಯಿತು.

ಇಂತಹ ಸಂಸ್ಥೆಗಳು ಪ್ರತಿದಿನದ ಕೊನೆಗೆ ಲೆಕ್ಕದ ಪ್ರತಿಯನ್ನು ಕ್ಲೌಡಿಗೆ ಏರಿಸಬೇಕು. ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ಪ್ರತಿ ಮಾಡಿ, ಅದನ್ನು ಕಂಪ್ಯೂಟರಿನಿಂದ ಬಿಡಿಸಿ ಬೀರುವಿನಲ್ಲಿಡಬೇಕು. ತಂತಿಯಲ್ಲಿ ಸೇರಿಕೊಂಡಿರುವ ಡಿಸ್ಕಿಗೂ ಕುತಂತ್ರಾಂಶ ಹರಡುತ್ತದೆ. ಖಾತೆಯು ಸಂಘದ ಹೆಸರಿನಲ್ಲಿರಬೇಕೇ ಹೊರತು ಕಾರ್ಯದರ್ಶಿಯ ಸ್ವಂತ ಹೆಸರಿನಲ್ಲಲ್ಲ. ಕಾರ್ಯದರ್ಶಿ ಬದಲಾದ ದಿನವೇ ಪಾಸ್‌ವರ್ಡ್ ಬದಲಾಗಬೇಕು. ಯಾರು ನೋಡಬಹುದು, ಯಾರು ತಿದ್ದಬಹುದು ಎಂಬುದನ್ನು ಬೇರೆ ಬೇರೆಯಾಗಿ ಗೊತ್ತುಪಡಿಸುವ ಅನುಕೂಲ ಕ್ಲೌಡಿನಲ್ಲಿದೆ, ಅದನ್ನು ಬಳಸಿಕೊಳ್ಳಬೇಕು. ಸದಸ್ಯರ ಆಧಾರ್ ಮತ್ತು ಬ್ಯಾಂಕ್ ವಿವರಗಳನ್ನು ಲಿಂಕ್ ಇರುವವರೆಲ್ಲರೂ ತೆರೆಯುವಂತೆ ಇಡಲೇಬಾರದು. 2023ರಲ್ಲಿ ಅಂಗೀಕೃತವಾದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು, ಇತರರ ಮಾಹಿತಿಯನ್ನು ಇಟ್ಟುಕೊಳ್ಳುವವರ ಮೇಲೆ ಅದನ್ನು ಕಾಯುವ ಹೊಣೆಯನ್ನು ಹೊರಿಸುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಬಿಡುವಿನ ಒಂದು ದಿನ ಮನೆಯ ಎಲ್ಲ ಕಾಗದಗಳನ್ನು ಹೊರತೆಗೆದು, ಸರ್ವೆ ನಂಬರಿಗೆ ಒಂದರಂತೆ ವಿಂಗಡಿಸಿ.

2. ಹಗಲು ಬೆಳಕಿನಲ್ಲಿ, ನೆರಳು ಬೀಳದಂತೆ, ಅಕ್ಷರಗಳು ಸ್ಪಷ್ಟವಾಗಿ ಓದಲು ಬರುವಂತೆ ಫೋಟೋ ತೆಗೆಯಿರಿ. ಹಿಂಬದಿಯಲ್ಲಿ ಬರಹ ಅಥವಾ ಮುದ್ರೆ ಇದ್ದರೆ ಅದನ್ನೂ ತೆಗೆಯಿರಿ.

3. ಕಡತಕ್ಕೆ ಸರ್ವೆ ನಂಬರು, ವರ್ಷ, ವಿಷಯ ಈ ಕ್ರಮದಲ್ಲಿ ಹೆಸರಿಡಿ. ಹೆಸರಿಲ್ಲದ ಸಾವಿರ ಫೋಟೋಗಳ ನಡುವೆ ಬೇಕಾದದ್ದು ಬೇಕಾದಾಗ ಸಿಗದು.

4. ಒಂದು ಪ್ರತಿಯನ್ನು ಕ್ಲೌಡಿಗೂ ಒಂದನ್ನು ಪೆನ್‌ಡ್ರೈವಿಗೂ ಹಾಕಿ. ಪೆನ್‌ಡ್ರೈವ್ ಶಾಶ್ವತವಲ್ಲ, ವರ್ಷಕ್ಕೊಮ್ಮೆ ತೆರೆದು ನೋಡಿ, ಕೆಲವು ವರ್ಷಗಳಿಗೊಮ್ಮೆ ಹೊಸದಕ್ಕೆ ವರ್ಗಾಯಿಸಿ.

5. ಖಾತೆಗೆ ಮನೆಯ ಇನ್ನೊಬ್ಬರ ಮೊಬೈಲ್ ಸಂಖ್ಯೆಯನ್ನೂ ಸೇರಿಸಿ. ಮನೆಯ ಹೆಣ್ಣುಮಕ್ಕಳಿಗೂ ಖಾತೆ ತೆರೆಯುವ ಬಗೆ ತಿಳಿದಿರಲಿ.

6. ಪ್ರತಿ ಹಂಗಾಮಿನ ಕೊನೆಗೆ ಆ ಹಂಗಾಮಿನ ತಳಿ, ಗೊಬ್ಬರ, ರೋಗ, ಇಳುವರಿಯ ವಿವರವನ್ನು ಒಂದು ಹಾಳೆಯಲ್ಲಿ ಬರೆದು ಸೇರಿಸಿ.

7. ಆರು ತಿಂಗಳಿಗೊಮ್ಮೆ ಬೇರೆ ಮೊಬೈಲಿನಿಂದ ನಿಮ್ಮ ಖಾತೆಯನ್ನು ತೆರೆದು, ನಾಲ್ಕಾರು ಕಡತಗಳನ್ನು ಇಳಿಸಿ ಓದಿ ನೋಡಿ. ನಂತರ ಆ ಮೊಬೈಲಿನಿಂದ ಖಾತೆಯನ್ನು ಮುಚ್ಚಿರಿ.

ಕೊನೆಯ ಕ್ರಮವನ್ನು ಬಿಡಬಾರದು. ಕಾಪಿಟ್ಟ ಬೀಜವನ್ನು ಬಿತ್ತುವ ಮೊದಲು ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿಟ್ಟು ಮೊಳಕೆ ಪರೀಕ್ಷೆ ಮಾಡುತ್ತೇವೆ. ಕಾಳು ನೋಡಲು ಚೆನ್ನಾಗಿದ್ದರೂ ಜೀವ ಇದೆಯೇ ಎಂದು ತಿಳಿಯುವುದು ಆಗಲೇ. ಕಾಪಿಟ್ಟ ದಾಖಲೆಗೂ ಇದೇ ಪರೀಕ್ಷೆ. ತೆಗೆದು ಓದಲು ಬಂದರೆ ಮಾತ್ರ ಅದು ಇದೆ ಎಂದು ಲೆಕ್ಕ.

ಮುಂಗಾರು ಬಲಿತು ನದಿ ತುಂಬುವ ಮೊದಲೇ ರೈತ ಬಾಂಧವರು ಈ ಕೆಲಸವನ್ನು ಮುಗಿಸಿಕೊಳ್ಳುವುದು ಒಳಿತು.